ಮಂಜ್ಯಾ, ಆ ಹುಡುಗಿಗೆ ಉತ್ತರ ಬಾಕಿ ಇದೆ

ಪ್ರೀತಿಯ ಮಂಜ್ಯಾ,

ಹುಬ್ಬಳ್ಳಿ ಮುಟ್ಟಿದಾಗ ರಾತ್ರಿ ಹತ್ತೂವರೆ. ನೀನು ಕಟ್ಟಿಸಿಕೊಟ್ಟ ಗಿರ್ಮಿಟ್ ಮೋಟೆಬೆನ್ನೂರು ದಾಟುವಷ್ಟರಲ್ಲಿ ಖಾಲಿ. ಫೋನ್ ಮಾಡಿಯೇ ಹೇಳಬಹುದಿತ್ತು, ಆದರೆ ಇದನ್ನು ಬರೆಯಬೇಕು ಅನ್ನಿಸಿತು. ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ, ಬೈಯಬೇಡ. ನಿನ್ನ ಕ್ಲಾಸಿನ ಮಕ್ಕಳೂ ಓದಲಿ.

ನಿನ್ನ ಫಸ್ಟ್ ಪಿಯುಸಿ ಕಾಮರ್ಸ್ ಕ್ಲಾಸು ನೋಡಿ ಹೊಟ್ಟೆ ತುಂಬಿತು. ನಾವು ಸೇರಿದಾಗ ‘ಯಾಕೆ, ಸೈನ್ಸ್ ಸಿಗಲಿಲ್ವಾ?’ ಅಂತ ಕೇಳುತ್ತಿದ್ದರು ನೆನಪಿದೆಯಾ? ಈ ಮಕ್ಕಳು ತಾವೇ ಬಯಸಿ ಬಂದಿದ್ದಾರೆ. ಕೆಂಪು ಪೆನ್ನಲ್ಲಿ ಗೆರೆ ಹೊಡೆದ ಲೆಡ್ಜರ್ ಹಾಳೆ, ಎಡಕ್ಕೆ ಡೆಬಿಟ್, ಬಲಕ್ಕೆ ಕ್ರೆಡಿಟ್. ಹಿಂದಿನ ಬೆಂಚಿನ ಹುಡುಗ ಸ್ಕೇಲು ಸಿಗದೆ ಐಡಿ ಕಾರ್ಡಿನ ಅಂಚಿಗೇ ಗೆರೆ ಎಳೆಯುತ್ತಿದ್ದ. ನಮ್ಮ ಹಳೇ ತಮಾಷೆ, ಗುಡ್‌ವಿಲ್ ಗುಂಡಣ್ಣನ ಕಥೆ, ಇವರಿಗೆ ಇನ್ನೂ ಹೇಳಿಲ್ಲ ಅಂತ ಗೊತ್ತಾಯಿತು. ಅದು ಅನ್ಯಾಯ.

ಮಕ್ಕಳ ಪ್ರಶ್ನೆಗಳೆಲ್ಲ ಚೆನ್ನಾಗಿದ್ದವು. ಸಿಎ ಆಗೋದು ಹೇಗೆ ಅಂತ ಒಬ್ಬ ಕೇಳಿದ. ಪಿಯುಸಿ ಆದ ಮೇಲೆ ಫೌಂಡೇಶನ್, ನಾಲ್ಕು ಪೇಪರು, ಒಂದೊಂದರಲ್ಲೂ 40 ಬರಬೇಕು, ಒಟ್ಟು ಶೇ 50 ಆಗಬೇಕು ಅಂದೆ. ಆಮೇಲೆ ಇಂಟರ್, ಸಿಎ ಹತ್ತಿರ ಎರಡು ವರ್ಷ ಕೆಲಸ ಕಲಿಯುವ ಆರ್ಟಿಕಲ್‌ಶಿಪ್, ಫೈನಲ್. ಇನ್ನೊಬ್ಬ, ‘ಟ್ಯಾಲಿ ಸಾಫ್ಟ್‌ವೇರಿನಲ್ಲಿ ಎಫ್ 5 ಒತ್ತಿದ್ರೆ ಪೇಮೆಂಟ್ ಎಂಟ್ರಿ ಆಗುತ್ತೆ, ಲೆಡ್ಜರ್‌ಗೆ ತಾನೇ ಹೋಗುತ್ತೆ, ನಾವ್ಯಾಕೆ ಕೈಯಲ್ಲಿ ಬರೀಬೇಕು ಸರ್?’ ಅಂದ. ಅವನಿಗೆ ಅಪ್ಪನ ಹುಣಸೆಬೀಜದ ಕಥೆ ಹೇಳಿದೆ. ನಿನಗೆ ಗೊತ್ತಿರುವುದೇ. ಬ್ಯಾಡಗಿ ಎಪಿಎಂಸಿಯಲ್ಲಿ ಅಪ್ಪ ಮೆಣಸಿನಕಾಯಿ ಚೀಲ ಹೊರುತ್ತಿದ್ದ. ಹತ್ತು ಚೀಲ ಹೊತ್ತರೆ ಒಂದು ಬೀಜ ಎಡ ಜೇಬಿನಿಂದ ಬಲ ಜೇಬಿಗೆ. ಒಂದು ದಿನ ಗುಮಾಸ್ತರು ನೂರಹತ್ತು ಚೀಲ ಅಂದರು. ಅಪ್ಪ ಮಾತಾಡಲಿಲ್ಲ. ಬಲ ಜೇಬಿನಿಂದ ಹನ್ನೆರಡು ಬೀಜ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ಕಡೆಯಿಂದ ಹೋಗದೆ ಇನ್ನೊಂದು ಕಡೆಗೆ ಬರೋಲ್ಲ ಅನ್ನೋದನ್ನು ನಾನು ಕಲಿತದ್ದು ಅಲ್ಲಿ, ಪುಸ್ತಕದಲ್ಲಿ ಅಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು.

ಆಮೇಲೆ ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. ‘ಸರ್, ಟ್ರಯಲ್ ಬ್ಯಾಲೆನ್ಸ್ ಕೂತ್ರೆ ಲೆಕ್ಕ ನಿಜ ಅಂತಾನಾ?’

ಓದುವ ಬೇರೆಯವರಿಗೆ ಹೇಳಬೇಕೆಂದರೆ, ಟ್ರಯಲ್ ಬ್ಯಾಲೆನ್ಸ್ ಅಂದರೆ ಡೆಬಿಟ್ ಬಾಕಿಗಳನ್ನೂ ಕ್ರೆಡಿಟ್ ಬಾಕಿಗಳನ್ನೂ ಬೇರೆ ಬೇರೆ ಕೂಡಿಸಿ ಎರಡೂ ಸಮ ಆಗುತ್ತಾ ಅಂತ ನೋಡುವ ಪಟ್ಟಿ. ಸಮ ಆದರೆ ‘ಕೂತಿತು’ ಅನ್ನುತ್ತೇವೆ. ಸರಿ ಅಂತಾನಾ ಎಂದು ಕೇಳಿದ್ದರೆ ಸುಲಭ ಇತ್ತು. ಅವಳು ನಿಜ ಅಂದಳು. ನಾನು ಸರಿಯ ಉತ್ತರ ಕೊಟ್ಟೆ. ಎಂಟ್ರಿಯನ್ನೇ ಬಿಟ್ಟಿದ್ದರೆ ಟ್ರಯಲ್ ಬ್ಯಾಲೆನ್ಸ್ ತೋರಿಸಲ್ಲ. ಯಂತ್ರ ಕೊಂಡದ್ದನ್ನು ರಿಪೇರಿ ಖರ್ಚಿಗೆ ಬರೆದರೂ ತೋರಿಸಲ್ಲ. ಎರಡು ತಪ್ಪು ಒಂದನ್ನೊಂದು ತಿಂದುಹಾಕಿದರೂ ತೋರಿಸಲ್ಲ. ನೀನು ತಲೆಯಾಡಿಸಿದೆ. ಅವಳೂ ಬರೆದುಕೊಂಡಳು. ಆದರೆ ಕೂರುವಾಗ ಅವಳ ಮುಖದಲ್ಲಿ ಇನ್ನೂ ಪ್ರಶ್ನೆ ಇತ್ತು. ಬಸ್ಸಿನಲ್ಲಿ ಹುಬ್ಬಳ್ಳಿವರೆಗೂ ಆ ಮುಖ ಎದುರಿಗಿತ್ತು.

ಮಂಜ್ಯಾ, ನಿನಗೂ ಹೇಳದ ಒಂದು ಸಂಗತಿ ಇದೆ. 2010ರ ಮಾರ್ಚ್. ನನ್ನ ಮೊದಲ ನೌಕರಿ, ತಿಂಗಳಿಗೆ ನಾಲ್ಕೂವರೆ ಸಾವಿರ. ವರ್ಷದ ಕೊನೆಗೆ ನಗದಿನಲ್ಲಿ ಐವತ್ತು ಸಾವಿರಕ್ಕೂ ಜಾಸ್ತಿ ಖರ್ಚಿಗೆ ಲೆಕ್ಕ ಇರಲಿಲ್ಲ. ಅದು ಎಲ್ಲಿ ಹೋಯಿತು ಅಂತ ಮಾಲೀಕರು ಹೇಳಲಿಲ್ಲ, ನಾನೂ ಕೇಳಲಿಲ್ಲ. ‘ಹಮಾಲಿ ವೋಚರ್ ಬರೆದುಬಿಡು’ ಅಂದರು, ಅಂದರೆ ಚೀಲ ಹೊತ್ತವರಿಗೆ ಕೂಲಿ ಕೊಟ್ಟೆವು ಅನ್ನುವ ಚೀಟಿ. ಐದು ಸಾವಿರ ದಾಟಿದರೆ ರೆವಿನ್ಯೂ ಸ್ಟಾಂಪ್ ಹಚ್ಚಬೇಕು. ಅದಕ್ಕೆ ಒಂದು 4,800, ಒಂದು 4,650, ಹೀಗೆ ಹನ್ನೊಂದು ವೋಚರ್ ಬರೆದೆ. ಹೆಸರುಗಳೂ ಬೇಕಲ್ಲ. ಮೊದಲು ನೆನಪಿಗೆ ಬಂದದ್ದು ಅಪ್ಪನ ಹೆಸರು. ಬರೆದೆ.

ಹೆಬ್ಬೆಟ್ಟೂ ನನ್ನದೇ. ಎಡಗೈ ಹೆಬ್ಬೆರಳು ಎರಡು ಸಲ ಒತ್ತಿದ ಮೇಲೆ ಎಲ್ಲಾ ಒಂದೇ ಥರ ಕಾಣಬಾರದು ಅಂತ ಬಲಗೈಯದು, ಆಮೇಲೆ ಬೇರೆ ಬೆರಳು. ಇಂಕ್ ಪ್ಯಾಡಿನ ನೇರಳೆ ಬಣ್ಣ ಸೋಪಿಗೆ ಹೋಗಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದೆ. ಮನೆಗೆ ಹೋದಾಗಲೂ ಉಗುರಿನ ಸಂದಿಯಲ್ಲಿ ಇತ್ತು. ಅಪ್ಪ ನೋಡಿ, ‘ಎಲ್ಲಿ ಒತ್ತಿದಿ? ಓದಿ ಒತ್ತಿದಿ ಹೌದಿಲ್ಲೋ?’ ಅಂದ. ಆತ ಯಾವ ಕಾಗದಕ್ಕೂ ಸುಮ್ನೆ ಹೆಬ್ಬೆಟ್ಟು ಒತ್ತಿದವನಲ್ಲ. ಯಾರ ಕೈಲಾದರೂ ಪೂರ್ತಿ ಓದಿಸಿಕೊಂಡೇ ಒತ್ತುತ್ತಿದ್ದ. ನಾನು ಏಳನೇ ಕ್ಲಾಸಿಗೆ ಬಂದ ಮೇಲೆ ಆ ಓದುವ ಕೆಲಸ ನನ್ನದಾಗಿತ್ತು. ‘ಹ್ಞೂಂ’ ಅಂದೆ.

ನೌಕರಿ ಹೋಗುತ್ತೆ ಅಂತ ಹೆದರಿ ಮಾಡಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಪೂರ್ತಿ ನಿಜ ಅಲ್ಲ ಅದು. ಹಮಾಲಿ ಖರ್ಚು ಡೆಬಿಟ್, ನಗದು ಕ್ರೆಡಿಟ್. ಕೊನೆಗೆ ಎರಡೂ ಕಡೆ ಪೈಸೆ ಬಿಡದೆ ಕೂತಾಗ ನನಗೆ ಖುಷಿಯಾಗಿತ್ತು ಮಂಜ್ಯಾ. ಪರೀಕ್ಷೆಯಲ್ಲಿ ಬ್ಯಾಲೆನ್ಸ್ ಶೀಟ್ ಕೂತಾಗ ಆಗುತ್ತಿತ್ತಲ್ಲ, ಅದೇ ಖುಷಿ. ಯಾಕೆಂದರೆ ನಾವು ಕಲಿತದ್ದೇ ಅದು. ಪ್ರಶ್ನೆಪತ್ರಿಕೆಯಲ್ಲಿ ‘ಕೂಲಿ ಪಾವತಿಸಿದ್ದು’ ಅಂತಿದ್ದರೆ ಪಾವತಿಸಿದ್ದು ಅಂತಲೇ ಲೆಕ್ಕ. ನಿಜಕ್ಕೂ ಕೊಟ್ಟರಾ, ಯಾರಿಗೆ ಕೊಟ್ಟರು ಅಂತ ಕೇಳಿದರೆ ಮಾರ್ಕ್ಸ್ ಬರುತ್ತಿರಲಿಲ್ಲ. ಅಪ್ಪನಿಗೆ ಇದನ್ನು ಹೇಳಲೇ ಇಲ್ಲ. ಈಗ ಹೇಳೋಣವೆಂದರೆ ಅಪ್ಪ ಇಲ್ಲ.

ಇಷ್ಟೆಲ್ಲ ಬರೆಯಬೇಕು ಅಂದುಕೊಂಡಿರಲಿಲ್ಲ. ಬಂದುಬಿಟ್ಟಿತು, ಇರಲಿ.

ಈಗ ಕಾಲ ಬದಲಾಗಿದೆ, ಸಾಫ್ಟ್‌ವೇರೇ ಹಿಡಿದುಬಿಡುತ್ತೆ ಅಂತ ನೀನು ಹೇಳಬಹುದು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಯಾವಾಗ ಏನು ತಿದ್ದಿದರು ಅನ್ನುವ ಜಾಡು ಉಳಿಯಲೇಬೇಕು. ಒಳ್ಳೆಯದೇ. ಆದರೆ ಸುಳ್ಳನ್ನು ಮೊದಲ ಸಲವೇ ತಿದ್ದದೆ ನೀಟಾಗಿ ಬರೆದರೆ ಆ ಜಾಡು ಏನು ಮಾಡುತ್ತೆ? ನನ್ನ ಹನ್ನೊಂದು ವೋಚರಿನಲ್ಲಿ ಒಂದು ಚಿತ್ತೂ ಇರಲಿಲ್ಲ.

ಅದಕ್ಕೇ ನಿನ್ನ ಹತ್ತಿರ ಒಂದು ಕೇಳಿಕೆ. ನಮಗೆ ವೋಚರ್ ಪಾಠ ಒಂದೇ ಪೀರಿಯಡ್ಡಿನಲ್ಲಿ ಮುಗಿದಿತ್ತು. ಫೈನಲ್ ಅಕೌಂಟ್ಸ್‌ಗೆ ತಿಂಗಳುಗಟ್ಟಲೆ. ನೀನು ವೋಚರಿಗೆ ಒಂದು ವಾರ ಕೊಡು. ಸೋಮವಾರವೋ ಗುರುವಾರವೋ, ಮಾರ್ಕೆಟ್ ಇರುವ ದಿನ ಮಕ್ಕಳನ್ನು ಯಾರ್ಡಿಗೆ ಕರಕೊಂಡು ಹೋಗು. ಒಬ್ಬ ರೈತನ ಮಾಲು ಮಾರಿದ ಲೆಕ್ಕದ ಪಟ್ಟಿ ಹಿಡಿದು ಹಿಂದಕ್ಕೆ ನಡೆಯಲಿ. ತೂಕ ಯಾರು ಮಾಡಿದರು, ಚೀಲ ಯಾರು ಹೊತ್ತರು, ಅವರ ಕೈಗೆ ಎಷ್ಟು ಬಂತು. ದುಡ್ಡು ಪಡೆದವರ ಮುಖ ನೋಡಿಯೇ ಒಂದೊಂದು ವೋಚರ್ ಬರೆಯಲಿ. ಆಮೇಲೆ ಬೇಕಾದರೆ ಪಾರ್ಟ್‌ನರ್‌ಶಿಪ್, ಶೇರು ಎಲ್ಲಾ ಕಲಿಸು.

ಆ ಹುಡುಗಿಗೆ ಹೇಳು, ಸರ್ ಅರ್ಧ ಉತ್ತರ ಕೊಟ್ಟು ಹೋಗಿದ್ದಾರೆ, ಉಳಿದದ್ದು ಹೇಳೋಕೆ ಮತ್ತೆ ಬರುತ್ತಾರೆ ಅಂತ. ಜಿಎಸ್‌ಟಿ ರಿಟರ್ನ್ ಗಡಿಬಿಡಿ 20ನೇ ತಾರೀಕಿಗೆ ಮುಗಿಯುತ್ತೆ. ಅದರ ಮುಂದಿನ ಗುರುವಾರ ರಜೆ ಹಾಕಿ ಬರುತ್ತೇನೆ. ಎಲ್ಲರಿಗೂ ಕರ್ಚೀಫ್ ತರೋಕೆ ಹೇಳು, ಆ ಘಾಟಿಗೆ ಸೀನು ನಿಲ್ಲೋಲ್ಲ. ಗುಂಡಣ್ಣನ ಕಥೆ ಮಾತ್ರ ನಾನೇ ಹೇಳುತ್ತೇನೆ. ನೀನು ಹೇಳೋಕೆ ಹೋದರೆ ಛತ್ರಿ ಬರೋ ಮೊದಲೇ ನಕ್ಕುಬಿಡುತ್ತೀಯ.

ಅವ್ವನಿಗೆ ನಮಸ್ಕಾರ ಹೇಳು. ಗಿರ್ಮಿಟ್‌ಗೆ ಮೆಣಸಿನಕಾಯಿ ಇನ್ನೊಂದು ಹೆಚ್ಚಿಗೆ ಇರಲಿ.

ನಿನ್ನ,
ಎರಡನೇ ಬೆಂಚಿನ ದೋಸ್ತ