ರಿಜಿಸ್ಟರಿನಿಂದ ಹೆಸರು ಹೊಡೆಯುವ ಮುಂಚೆ

ಪ್ರೀತಿಯ ಮಗನೇ,

ಕರ್ತನಾದ ಯೇಸುವಿನ ನಾಮದಲ್ಲಿ ದೊಡ್ಡಮ್ಮನ ಆಶೀರ್ವಾದಗಳು. ಸಭೆಯ ಕಾರ್ಯದರ್ಶಿ ಕೆಲಸ ನಿನ್ನ ಹೆಗಲಿಗೆ ಬಂದದ್ದು ಕೇಳಿ ಬಹಳ ಸಂತೋಷವಾಯಿತು. ಮೊದಲು ಸದಸ್ಯರ ರಿಜಿಸ್ಟರ್ ಸರಿಮಾಡಲು ಕೂತಿದ್ದೀಯಂತೆ. ಆರಾಧನೆಗೆ ಬಾರದವರ, ಚಂದಾ ಬಾಕಿ ಉಳಿಸಿಕೊಂಡವರ ಹೆಸರನ್ನೆಲ್ಲ ಹೊಡೆದುಹಾಕಬೇಕೆಂದಿದ್ದೀಯ ಎಂದು ನಿನ್ನ ಅಮ್ಮ ಹೇಳಿದಳು. ಪಟ್ಟಿ ಚೊಕ್ಕವಾಗಿರಬೇಕು, ಅದು ಸರಿ. ಆದರೆ ಪೆನ್ನು ಹಿಡಿಯುವ ಮುಂಚೆ ಬೈಬಲಿನ ಅರಣ್ಯಕಾಂಡದ 1, 3 ಮತ್ತು 26ನೆಯ ಅಧ್ಯಾಯಗಳನ್ನು ಒಮ್ಮೆ ನಿಧಾನವಾಗಿ ಓದಪ್ಪಾ. ಬರೀ ಹೆಸರು, ಬರೀ ಅಂಕಿ ಎಂದು ಜನ ದಾಟಿಹೋಗುವ ಅಧ್ಯಾಯಗಳು ಅವು. ನನಗೆ ಈ ವಯಸ್ಸಿನಲ್ಲಿ ಅವುಗಳ ಮೇಲೆಯೇ ಮನಸ್ಸು.

ಐಗುಪ್ತದಲ್ಲಿ ಗುಲಾಮರಾಗಿದ್ದ ಇಸ್ರಾಯೇಲ್ ಜನರನ್ನು ಯಾರು ಎಣಿಸುತ್ತಿದ್ದರು? ಫರೋಹನ ಅಧಿಕಾರಿಗಳಿಗೆ ಬೇಕಾಗಿದ್ದದ್ದು ಇಟ್ಟಿಗೆಯ ಲೆಕ್ಕ. ಹುಲ್ಲು ಕೊಡದಿದ್ದರೂ ಇಟ್ಟಿಗೆ ಒಂದೂ ಕಡಿಮೆಯಾಗಬಾರದು. ಬಿಡುಗಡೆಯಾದ ಎರಡನೆಯ ವರ್ಷ, ಎರಡನೆಯ ತಿಂಗಳ ಮೊದಲ ದಿನ, ಸೀನಾಯಿ ಅರಣ್ಯದಲ್ಲಿ ದೇವರು ಮೋಶೆಗೆ ಹೇಳಿದ್ದು ಬೇರೆ. 20 ವರ್ಷ ಮೇಲ್ಪಟ್ಟ, ಯುದ್ಧಕ್ಕೆ ಹೋಗಬಲ್ಲ ಗಂಡಸರನ್ನು ಕುಲ ಹಿಡಿದು, ಮನೆತನ ಹಿಡಿದು, ಒಬ್ಬೊಬ್ಬರ ಹೆಸರು ಹಿಡಿದು ಬರೆಯಬೇಕು. ಯೆಹೂದ ಕುಲ 74,600, ಮನಸ್ಸೆ ಕುಲ 32,200, ಹೀಗೆ ಒಟ್ಟು 6,03,550. ನಿನ್ನೆ ಮೊನ್ನೆಯವರೆಗೆ ಗುಲಾಮರಾಗಿದ್ದವರನ್ನು ದೇವರು ಹೆಸರು ಹೇಳಿ ಕರೆಸಿ ನಿಲ್ಲಿಸಿದ. ಮಗನೇ, ನಿನ್ನ ಕೈಯಲ್ಲಿರುವ ರಿಜಿಸ್ಟರೂ ಆ ಜಾತಿಯದೇ ಎಂದು ನಾನು ನಂಬುತ್ತೇನೆ.

ಇನ್ನೊಂದು ಸಂಗತಿ ವಿಮೋಚನಕಾಂಡದಲ್ಲಿದೆ. ಎಣಿಕೆಗೆ ಸೇರಿದ ಪ್ರತಿಯೊಬ್ಬನೂ ತನ್ನ ಪ್ರಾಣಕ್ಕೆ ಈಡಾಗಿ ಅರ್ಧ ಶೆಕೆಲ್ ಬೆಳ್ಳಿ ಕೊಡಬೇಕು. ಸಿರಿವಂತ ಹೆಚ್ಚು ಕೊಡುವ ಹಾಗಿಲ್ಲ, ಬಡವ ಕಡಿಮೆ ಕೊಡುವ ಹಾಗಿಲ್ಲ. ಆ ಬೆಳ್ಳಿ ಏನಾಯಿತು ಎಂಬುದನ್ನು 38ನೆಯ ಅಧ್ಯಾಯದಲ್ಲಿ ನೋಡು: 100 ತಲಾಂತು ಮತ್ತು 1,775 ಶೆಕೆಲ್. 100 ತಲಾಂತನ್ನು ಕರಗಿಸಿ, ಅರಣ್ಯದಲ್ಲಿ ಆರಾಧನೆಗೆಂದು ಕಟ್ಟಿದ ದೇವಗುಡಾರದ ಹಲಗೆಗಳಿಗೂ ಪರದೆಯ ಕಂಬಗಳಿಗೂ 100 ಗದ್ದಿಗೇಕಲ್ಲು, ಅಂದರೆ ಅವು ನಿಲ್ಲುವ ಬೆಳ್ಳಿಯ ಪೀಠಗಳನ್ನು ಎರಕಹೊಯ್ದರು. ಒಂದು ಗದ್ದಿಗೇಕಲ್ಲಿಗೆ ಒಂದು ತಲಾಂತು, ಅಂದರೆ 3,000 ಶೆಕೆಲ್, ಅಂದರೆ 6,000 ಜನರ ಕಾಣಿಕೆ. ಉಳಿದದ್ದರಲ್ಲಿ ಕೊಂಡಿಗಳಾದವು. ಮರಳಿನ ನೆಲಕ್ಕೂ ದೇವರ ಗುಡಾರಕ್ಕೂ ನಡುವೆ ಇದ್ದದ್ದು ಈ ಬೆಳ್ಳಿ. ಆ ಎರಕದಲ್ಲಿ ಯೆಹೂದ ಕುಲದ ಮುಖಂಡನದು ಯಾವುದು, ಹೆಸರೇ ಕೇಳದ ಕುರಿಗಾಹಿಯದು ಯಾವುದು ಎಂದು ಬೇರ್ಪಡಿಸಲು ಯಾರಿಂದಲೂ ಆಗದು. ಇದನ್ನೇ ಹಿಡಿದು ಚಂದಾ ವಸೂಲಿಗೆ ಹೊರಡಬೇಡ. ಅದು ಪ್ರಾಣದ ಈಡು. ನಮ್ಮ ಈಡನ್ನು ಕ್ರಿಸ್ತನು ಶಿಲುಬೆಯ ಮೇಲೆ ಕೊಟ್ಟಾಗಿದೆ. ಬಾಕಿ ಇರುವ ಮನೆಯಲ್ಲಿ ಒಲೆ ಹೇಗೆ ಉರಿಯುತ್ತಿದೆ ಎಂದು ಮೊದಲು ತಿಳಿದುಕೋ.

ಮೂರನೆಯ ಅಧ್ಯಾಯದ ಒಂದು ಸಣ್ಣ ಲೆಕ್ಕ ನನ್ನನ್ನು ಬಹಳ ಹಿಡಿದು ನಿಲ್ಲಿಸಿದೆ. ಚೊಚ್ಚಲು ಗಂಡುಮಕ್ಕಳ ಬದಲಿಗೆ ಲೇವಿಯರನ್ನು, ಅಂದರೆ ಗುಡಾರದ ಸೇವೆಯ ಕುಲದವರನ್ನು, ದೇವರು ತನ್ನವರಾಗಿ ತೆಗೆದುಕೊಂಡ. ಒಂದು ತಿಂಗಳ ಕೂಸಿನಿಂದ ಹಿಡಿದು ಲೇವಿಯರು 22,000, ಚೊಚ್ಚಲು ಮಕ್ಕಳು 22,273. ನಾವಾಗಿದ್ದರೆ ಹೆಚ್ಚುಕಡಿಮೆ ಸರಿಹೋಯಿತು ಎಂದು ಪುಸ್ತಕ ಮುಚ್ಚುತ್ತಿದ್ದೆವು. ದೇವರು ಮುಚ್ಚಲಿಲ್ಲ. ಮಿಕ್ಕ 273 ಮಕ್ಕಳಿಗೆ ತಲೆಗೆ ಐದು ಶೆಕೆಲಿನಂತೆ 1,365 ಶೆಕೆಲ್ ಕೊಟ್ಟು ಬಿಡಿಸಬೇಕಾಯಿತು. ಲೆಕ್ಕಕ್ಕೆ ಹೊಂದದೆ ಹೊರಗೆ ಉಳಿದವರೂ ಆತನಿಗೆ ಲೆಕ್ಕಕ್ಕೆ ಇದ್ದರು.

ಎರಡನೆಯ ಸಮುವೇಲ 24ರಲ್ಲಿರುವ ರಾಜ ದಾವೀದನ ಎಣಿಕೆ ನಿನಗೆ ಗೊತ್ತೇ ಇದೆ. ಅವನ ಸೇನಾಪತಿ ಯೋವಾಬನಂಥ ಒರಟನೇ ಬೇಡವೆಂದರೂ ರಾಜ ಕೇಳಲಿಲ್ಲ. ಒಂಬತ್ತು ತಿಂಗಳು ಇಪ್ಪತ್ತು ದಿನ ದೇಶ ಸುತ್ತಿ ಕತ್ತಿ ಹಿಡಿಯುವವರ ಲೆಕ್ಕ ತಂದರು. ಆ ಅಧ್ಯಾಯದಲ್ಲಿ ಈಡಿನ ಬೆಳ್ಳಿಯ ಮಾತಿಲ್ಲ, ಒಬ್ಬ ಮನುಷ್ಯನ ಹೆಸರನ್ನೂ ಬರೆದುಕೊಂಡಂತಿಲ್ಲ. ಆ ಎಣಿಕೆಯ ತಪ್ಪಿಗೆ 70,000 ಜನ ವ್ಯಾಧಿಯಿಂದ ಸತ್ತರು. ವಾರ್ಷಿಕ ವರದಿಯಲ್ಲಿ ನಮ್ಮ ಸಭೆಯ ಸಂಖ್ಯೆ ಚೆನ್ನಾಗಿ ಕಾಣಬೇಕೆಂಬ ಆಸೆ ನಿನಗೆ ಬಂದಾಗ ಆ ಅಧ್ಯಾಯವನ್ನು ತೆರೆ.

ಈಗ ಅರಣ್ಯಕಾಂಡದ 26ನೆಯ ಅಧ್ಯಾಯ. ಅಲೆದಾಟದ ಕೊನೆಗೆ, ಯೊರ್ದನಿನ ಈಚೆ ಮೋವಾಬಿನ ಬಯಲಿನಲ್ಲಿ ಮತ್ತೆ ಎಣಿಸಿದರು: 6,01,730. ಮೊದಲ ಪಟ್ಟಿಯವರಲ್ಲಿ ಕಾಲೇಬ, ಯೆಹೋಶುವ ಬಿಟ್ಟು ಒಬ್ಬನೂ ಉಳಿದಿರಲಿಲ್ಲ. 59,300 ಇದ್ದ ಸಿಮೆಯೋನ್ ಕುಲ 22,200ಕ್ಕೆ ಇಳಿದಿತ್ತು, ಮನಸ್ಸೆ 52,700ಕ್ಕೆ ಏರಿತ್ತು. ಅದಕ್ಕೆ ಸ್ವಲ್ಪ ಮುಂಚೆ ಶಿಟ್ಟೀಮಿನಲ್ಲಿ 24,000 ಜನ ವ್ಯಾಧಿಯಿಂದ ಸತ್ತಿದ್ದರು. ಅಲ್ಲಿ ಬಹಿರಂಗವಾಗಿ ಪಾಪಮಾಡಿದ ಜಿಮ್ರಿ ಸಿಮೆಯೋನ್ ಕುಲದವನು. ಹಾಗೆಂದು ಆ ಕುಲ ಕುಗ್ಗಿದ್ದಕ್ಕೆಲ್ಲ ಅವನೇ ಕಾರಣ ಎಂದು ವಾಕ್ಯ ಹೇಳುವುದಿಲ್ಲ. ನಿನ್ನ ರಿಜಿಸ್ಟರಿನಲ್ಲಿ ಷರಾ ಎಂಬ ಒಂದು ಕಾಲಂ ಇರುತ್ತದಲ್ಲ, ಅದರಲ್ಲಿ ನಿನಗೆ ಖಚಿತವಿಲ್ಲದ ಒಂದು ಮಾತನ್ನೂ ಬರೆಯಬೇಡ. ‘ನಂಬಿಕೆ ಬಿಟ್ಟವರು’ ಎಂದು ಬರೆದುಬಿಡುವುದು ಸುಲಭ. ಆ ಮನೆಯ ಮುದುಕಿ ಮಂಡಿನೋವಿನಿಂದ ಮೆಟ್ಟಿಲು ಹತ್ತಲಾರದೆ ಮನೆಯಲ್ಲೇ ಕೂತು ಹಾಡುತ್ತಿರಬಹುದು.

ಅದೇ ಪಟ್ಟಿಯ ನಡುವೆ ಒಂದು ಪುಟ್ಟ ವಾಕ್ಯ: ಕೋರಹನ ಮಕ್ಕಳು ಸಾಯಲಿಲ್ಲ. ತಂದೆ ಮೋಶೆಯ ಮೇಲೆ ತಿರುಗಿಬಿದ್ದು ಭೂಮಿಯೊಳಗೆ ಹೋದ. ಮಕ್ಕಳ ವಂಶ ಉಳಿಯಿತು. 84ನೆಯ ಕೀರ್ತನೆ ಅವರ ಹೆಸರಿನಲ್ಲಿದೆ, ದೇವಾಲಯದ ಬಾಗಿಲು ಕಾಯುವುದೇ ಮೇಲು ಎಂದು ಹಾಡುವ ಕೀರ್ತನೆ. ನಮ್ಮ ಸಭೆಯಲ್ಲೂ ಹಳೆಯ ಜಗಳದಲ್ಲಿ ಹೊರಗೆ ಹೋದ ಮನೆತನಗಳಿವೆ. ಜಗಳವಾಡಿದ ಹಿರಿಯರು ಮಣ್ಣಿಗೆ ಸೇರಿದ್ದಾರೆ. ಅವರ ಮೊಮ್ಮಕ್ಕಳ ಹೆಸರನ್ನು ಯಾವ ತಪ್ಪಿಗೆ ಹೊಡೆಯುತ್ತೀಯ?

ಮತ್ತೆ ಚಲ್ಪಹಾದನ ಹೆಣ್ಣುಮಕ್ಕಳು. ಗಂಡಸರ ಪಟ್ಟಿಯಲ್ಲಿ ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂದು ಐದು ಹೆಸರುಗಳು. ಆ ಐವರೂ ಮುಂದಿನ ಅಧ್ಯಾಯದಲ್ಲಿ ಮೋಶೆ, ಯಾಜಕ, ಮುಖಂಡರು, ಇಡೀ ಸಭೆ ನೆರೆದ ಕಡೆ ನಿಂತು, ಗಂಡುಮಕ್ಕಳಿಲ್ಲವೆಂದು ನಮ್ಮ ತಂದೆಯ ಹೆಸರು ಯಾಕೆ ಅಳಿಯಬೇಕು ಎಂದು ಕೇಳಿದರು. ಅವರು ಹೇಳುವುದು ನ್ಯಾಯ ಎಂದು ದೇವರೇ ತೀರ್ಪು ಕೊಟ್ಟ. ಗಂಡ ತೀರಿಕೊಂಡ ಮೇಲೆ ‘ಕುಟುಂಬದ ಯಜಮಾನ’ ಕಾಲಂ ಖಾಲಿ ಬಿದ್ದ ಮನೆಗಳಲ್ಲಿ ಆ ತಾಯಂದಿರ ಹೆಸರನ್ನೇ ಮೊದಲು ಬರೆ.

ಆದ್ದರಿಂದ ಹೀಗೆ ಮಾಡು. ಪಟ್ಟಿಯನ್ನು ಕಮಿಟಿಯ ಮುಂದಿಡಲು ಇನ್ನೂ ಸ್ವಲ್ಪ ಸಮಯ ಬೇಕೆಂದು ಸಭಾಪಾಲಕ ಅಯ್ಯನವರನ್ನು ಕೇಳು, ಅವರು ಇಲ್ಲವೆನ್ನಲಾರರು. ಹೊಡೆಯಬೇಕೆಂದು ಗುರುತು ಹಾಕಿದ ಪ್ರತಿ ಮನೆಗೂ ನೀನೇ ಹೋಗು, ಕೂತು ಮಾತಾಡು, ಒಪ್ಪಿದರೆ ಪ್ರಾರ್ಥನೆ ಮಾಡಿ ಬಾ. ಊರು ಬಿಟ್ಟವರಿಗೆ ಫೋನ್ ಮಾಡಿ, ಅಲ್ಲಿನ ಸಭೆಗೆ ಸೇರಿದ್ದರೆ ವರ್ಗಾವಣೆ ಪತ್ರ ಕಳಿಸು. ತೀರಿಹೋದವರ ಹೆಸರಿನ ಮೇಲೆ ಗೆರೆ ಎಳೆಯಬೇಡ, ಪಕ್ಕದಲ್ಲಿ ತಾರೀಖು ಬರೆದರೆ ಸಾಕು. ಹಳೆಯ ಮನೆತನಗಳ ಗುರುತು ಸಿಗದಿದ್ದರೆ ನನ್ನನ್ನು ಕೇಳು. ಯಾರ ಮಗಳನ್ನು ಯಾವ ಊರಿಗೆ ಕೊಟ್ಟರು ಎಂಬುದೆಲ್ಲ ನನಗೆ ನೆನಪಿದೆ.

ನಿನ್ನ ದೊಡ್ಡಮ್ಮ