ಮಗಳಿಗೊಂದು ಪತ್ರ: ಕಪ್ಪು ಮರಳಿನ ದ್ವೀಪದಿಂದ

ಪ್ರೀತಿಯ ಪುಟ್ಟೀ,

ಫೋಟೋಗಳೆಲ್ಲ ತಲುಪಿದವು ಅಂದೆ. ಅದರಲ್ಲಿ ಇರುವುದು ನಾನೂ ಅಪ್ಪನೂ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತದ್ದು, ಅಷ್ಟೇ. ಟಿಕೆಟ್ಟು, ಹೋಟೆಲು, ಹಡಗು ಎಲ್ಲ ಹೊಂದಿಸಿಟ್ಟವಳು ನೀನು. ಕಡೇ ಗಳಿಗೆಯಲ್ಲಿ ರಜೆ ಸಿಗದೆ ಮ್ಯೂನಿಕ್‌ನಲ್ಲೇ ಉಳಿದವಳೂ ನೀನೇ. ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ನಡುನಡುವೆ ಬಾಯಿ ಹಾಕುತ್ತಾರೆ, ಮಾತು ಊಟದ ಕಡೆಗೆ ಹೊರಳುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇವತ್ತಲ್ಲ ನಾಳೆ ನೀನು ಗ್ರೀಸಿನ ಈ ಸ್ಯಾಂಟೊರಿನಿ ದ್ವೀಪಕ್ಕೆ ಹೋಗಿಯೇ ಹೋಗುತ್ತೀಯ. ಆಗ ಇದು ಕೈಯಲ್ಲಿರಲಿ.

ಮೊದಲು ಬೀಚು, ಕೊನೆಗೆ ಸಮಯ ಉಳಿದರೆ ಮ್ಯೂಸಿಯಂ ಎಂದು ನೀನು ಬರೆದುಕೊಟ್ಟಿದ್ದೆಯಲ್ಲ, ಅದನ್ನು ನಾವು ತಿರುಗಿಸಿಬಿಟ್ಟೆವು. ನೀನೂ ಹಾಗೇ ಮಾಡು. ಬೇರೆ ಊರುಗಳಲ್ಲಿ ಬೀಚು ಮೈಗೆ, ಮ್ಯೂಸಿಯಂ ತಲೆಗೆ ಎಂದು ಹಂಚಿಕೊಳ್ಳಬಹುದು. ಇಲ್ಲಿ ಆಗುವುದಿಲ್ಲ. ಕಾಲಿಗೆ ಅಂಟುವ ಕಪ್ಪು ಮರಳನ್ನು ಕೊಟ್ಟದ್ದೂ, ಗಾಜಿನ ಹಿಂದಿರುವ ಮಡಕೆ ಕುಡಿಕೆಗಳನ್ನು ಇಷ್ಟು ಕಾಲ ಕಾಪಾಡಿದ್ದೂ ಒಂದೇ ಜ್ವಾಲಾಮುಖಿ. ಮೊದಲು ಮ್ಯೂಸಿಯಂ, ಆಮೇಲೆ ಅಗೆದು ತೆಗೆದ ಊರು, ಆಮೇಲೆ ಸಮುದ್ರ. ಈ ಕ್ರಮದಲ್ಲಿ ಹೋದರೆ ಮರಳಿನ ಮೇಲೆ ಮಲಗಿದಾಗಲೂ ನೋಡಲಿಕ್ಕೆ ಏನೋ ಇರುತ್ತದೆ.

ಆಥೆನ್ಸಿನ ಬಂದರು ಪಿರೇಯಸ್‌ನಿಂದ ಹಡಗಿನಲ್ಲೇ ಬಾ, ವಿಮಾನ ಬೇಡ. ಅಥಿನಿಯೋಸ್ ಬಂದರಿಗೆ ತಿರುಗುವಾಗ ಎದುರಿಗೆ ಮುನ್ನೂರು ಮೀಟರಿನಷ್ಟು ಎತ್ತರದ ಕಡಿದಾದ ಗೋಡೆ ಏಳುತ್ತದೆ. ಕೆಂಪು, ಕಪ್ಪು, ಕಂದು ಪದರಗಳು, ಎಲ್ಲಕ್ಕಿಂತ ಮೇಲೆ ಒಂದು ಬಿಳಿ ಪದರ. ಆ ಬಿಳಿಯನ್ನು ಗುರುತಿಟ್ಟುಕೋ. ಸುಮಾರು 3600 ವರ್ಷಗಳ ಹಿಂದಿನ ಮಹಾಸ್ಫೋಟದಲ್ಲಿ ಬಿದ್ದ ಬೂದಿ ಮತ್ತು ಪ್ಯೂಮಿಸ್ ಕಲ್ಲು ಅದು. ಆಗಲೇ ದ್ವೀಪದ ನಡುಭಾಗ ಇನ್ನಷ್ಟು ಕುಸಿದು, ಸಮುದ್ರ ಒಳಗೆ ನುಗ್ಗಿ, ಈಗಿನ ಅರ್ಧಚಂದ್ರದ ಆಕಾರ ಬಂತು. ಹತ್ತೊಂಬತ್ತನೇ ಶತಮಾನದಲ್ಲಿ ಈ ಬೂದಿಯನ್ನು ಅಗೆದು ಹಡಗುಗಟ್ಟಲೆ ಸಾಗಿಸಿದರಂತೆ. ಸುಣ್ಣದ ಜೊತೆ ಬೆರೆಸಿದರೆ ನೀರಿನೊಳಗೂ ಗಟ್ಟಿಯಾಗುವ ಗಾರೆ ಆಗುತ್ತದೆ, ಸೂಯೆಜ್ ಕಾಲುವೆಯ ಕೆಲಸಕ್ಕೆ ಹೋದದ್ದು ಇದೇ. ಆ ಅಗೆತದಲ್ಲೇ ಮೊದಲ ಬಾರಿ ಬೂದಿಯ ಅಡಿಯಲ್ಲಿ ಹಳೇ ಗೋಡೆಗಳು ಕಂಡದ್ದು.

ಫಿರಾ ಊರಿನ ಬಸ್‌ಸ್ಟ್ಯಾಂಡಿನ ಹತ್ತಿರವೇ ಪ್ರಾಗೈತಿಹಾಸಿಕ ಥೀರಾ ಮ್ಯೂಸಿಯಂ. ಥೀರಾ ಎಂದರೆ ಈ ದ್ವೀಪದ ಹಳೇ ಹೆಸರು. ಚಿಕ್ಕದು. ಆಥೆನ್ಸಿನಲ್ಲಿ ಕಾಲು ಸೋತು ಬಂದವಳಿಗೆ ಇದೇ ಸರಿ. ಹೆಚ್ಚಿನವರು ಬೇಗ ಮುಗಿಸಿ ಹೊರಗೆ ಬರುತ್ತಾರೆ. ನೀನು ಹಾಗೆ ಮಾಡಬೇಡ.

ಕಲ್ಲಾಗಿ ಹೋದ ಆಲಿವ್ ಎಲೆಗಳಿವೆ, ಸುಮಾರು 60,000 ವರ್ಷ ಹಳೆಯವು. ಎಲೆಯ ನಡುನರ ಈಗಲೂ ಸ್ಪಷ್ಟ. ಅಂದರೆ ಅಲ್ಲಿ ಮನುಷ್ಯರು ತೋಟ ಮಾಡುವ ಎಷ್ಟೋ ಮೊದಲೇ ಆಲಿವ್ ಇತ್ತು, ಆಗಲೂ ಒಂದು ಬೂದಿ ಮಳೆ ಬಂದು ಅದನ್ನು ಮುಚ್ಚಿತ್ತು. ಆಮೇಲೆ ಅಡುಗೆಯ ಸಾಮಾನು. ಕಡ್ಡಿಗೆ ಚುಚ್ಚಿದ ಮಾಂಸ ಸುಡಲು ಮಣ್ಣಿನ ಜೋಡಿ ಆನಿಕೆಗಳು: ಮೇಲಂಚಿನಲ್ಲಿ ಕಡ್ಡಿ ಕೂರಲು ಸಾಲಾಗಿ ಕಚ್ಚು, ಕೆಂಡಕ್ಕೆ ಗಾಳಿಯಾಡಲು ಕೆಳಗೆ ತೂತು, ತುದಿಗೆ ಪ್ರಾಣಿಯ ತಲೆ. ಆ ತಲೆಯ ಅಗತ್ಯ ಏನಿತ್ತು ಹೇಳು? ಅಡುಗೆ ಅದಿಲ್ಲದೆಯೂ ಆಗುತ್ತಿತ್ತು. ದಿನಾ ಬಳಸುವ ವಸ್ತು ಚೆಂದವಿರಲಿ ಎಂದು ಯಾರೋ ಬಯಸಿದ್ದಾರೆ. ನಾನು ಅದರ ಮುಂದೆ ನಿಂತಷ್ಟು ಹೊತ್ತು ಬಂಗಾರದ ಮುಂದೆ ನಿಲ್ಲಲಿಲ್ಲ. ಬಂಗಾರವೂ ಇದೆ: ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಕಾಡುಮೇಕೆ. 1999ರಲ್ಲಿ ಮರದ ಪೆಟ್ಟಿಗೆಯೊಳಗೆ ಸಿಕ್ಕಿದ್ದು. ಹೂಜಿಗಳ ಮೇಲೆ ಹಾರುವ ಬಾನಕ್ಕಿಗಳನ್ನು ಬರೆದಿದ್ದಾರೆ, ಎರಡೇ ಎಳೆತದಲ್ಲಿ ರೆಕ್ಕೆ.

ಮುಖ್ಯವಾದದ್ದು ನೀಲಿ ಕೋತಿಗಳ ಭಿತ್ತಿಚಿತ್ರ. ಇದನ್ನು ನೋಡಲಿಕ್ಕೆ ನಿನ್ನನ್ನು ಕರೆದುಕೊಂಡೇ ಹೋಗಬೇಕಿತ್ತು ಪುಟ್ಟೀ. ಬಂಡೆಗಳ ಮೇಲೆ ಹತ್ತಿ ಇಳಿಯುವ ಒಂದು ಹಿಂಡು. ಒಂದು ಹಿಂದಿರುಗಿ ನೋಡುತ್ತಿದೆ, ಒಂದು ನಮ್ಮ ಕಡೆಗೇ ಮುಖ ತಿರುಗಿಸಿದೆ. ಬಾಲ ಮೇಲಕ್ಕೆತ್ತಿ ಬಾಗಿಸಿಕೊಂಡಿವೆ, ಮುಖದ ಸುತ್ತ ಬಿಳಿ. ಅಪ್ಪ ನೋಡಿದ ಕೂಡಲೇ, "ಇದು ಮಂಗ ಅಲ್ಲ, ನಮ್ಮ ಮುಸುವ" ಅಂದರು. ಹಂಚಿನ ಮನೆಯಲ್ಲಿ ಬೆಳೆದ ಕಾರವಾರದವರಿಗೆ ಮುಸುವದ ಬಾಲ ಯಾರೂ ಹೇಳಿಕೊಡಬೇಕಿಲ್ಲವಲ್ಲ. ಆಶ್ಚರ್ಯವೆಂದರೆ, 2019ರಲ್ಲಿ ಪುರಾತತ್ವದವರೂ ವಾನರಗಳನ್ನು ಅಧ್ಯಯನ ಮಾಡುವವರೂ ಸೇರಿ ಬರೆದ ಒಂದು ಪ್ರಬಂಧ ಇದನ್ನೇ ಹೇಳುತ್ತದೆ: ಬಾಲದ ನಿಲುವು, ಮೈಬಣ್ಣ, ಕೈಕಾಲು ನೋಡಿದರೆ ಇವು ಭಾರತ ಉಪಖಂಡದ ಬೂದು ಲಂಗೂರ್. ಆ ಕಾಲದ ಚಿತ್ರಕಾರರು ಬೂದು ಬಣ್ಣದ ಬದಲು ನೀಲಿ ಹಚ್ಚುತ್ತಿದ್ದರು. ಒಪ್ಪದವರೂ ಇದ್ದಾರೆ. ಆಫ್ರಿಕದ ವರ್ವೆಟ್ ಕೋತಿ, ಈಜಿಪ್ಟಿನ ದಾರಿಯಾಗಿ ಬಂದ ಕಲ್ಪನೆ, ಅಷ್ಟು ದೂರ ಹೋಗಬೇಕಿಲ್ಲ ಎನ್ನುತ್ತಾರೆ. ಅವರ ವಾದದಲ್ಲೂ ಹುರುಳಿದೆ. ಆದರೆ ಸಿಂಧೂ ಕಣಿವೆಯ ಕೆಂಪು ಮಣಿಗಳು ಮೆಸೊಪೊಟೇಮಿಯಕ್ಕೆ ಹೋಗುತ್ತಿದ್ದದ್ದು ಗೊತ್ತಿರುವ ವಿಷಯ. ಅದೇ ದಾರಿಯಲ್ಲಿ ಒಂದು ಮುಸುವವೋ, ಅದನ್ನು ಕಂಡವರ ವರ್ಣನೆಯೋ ಮುಂದೆ ಸಾಗಿರಬಾರದೇಕೆ? ನಾನಂತೂ ಅಪ್ಪನ ಪಕ್ಷ.

ಈ ಕೋತಿಗಳ ಚಿತ್ರ ಸಿಕ್ಕಿದ್ದು ಬೂದಿಯಡಿಯಿಂದ ಅಗೆದು ತೆಗೆದ ಅಕ್ರೋತಿರಿ ಊರಿನಲ್ಲಿ. ಅಲ್ಲಿಯದೇ ಇನ್ನೊಂದು ಮನೆಯ ಗೋಡೆಯಲ್ಲಿ ಹುಡುಗಿಯರು ಬೆಟ್ಟದಲ್ಲಿ ಕೇಸರಿ ಹೂ ಬಿಡಿಸುತ್ತಾರೆ, ನೀಲಿ ಕೋತಿ ಆ ಕೇಸರಿಯನ್ನು ದೇವಿಗೆ ಒಪ್ಪಿಸುತ್ತದೆ. ಚಿಕ್ಕ ಹುಡುಗಿಯರ ತಲೆ ಬೋಳಿಸಿ ಅಲ್ಲಲ್ಲಿ ಜುಟ್ಟು ಬಿಟ್ಟಿದ್ದಾರೆ. ಬೋಳಾದ ಭಾಗಕ್ಕೂ ನೀಲಿ ಬಣ್ಣವೇ. ಕೂದಲು ನೋಡಿ ಹುಡುಗಿಯ ವಯಸ್ಸು ಹೇಳಬಹುದಂತೆ.

ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಅಕ್ರೋತಿರಿಗೆ ಹೋಗು. ಬಿಸಿಲಿನ ಚಿಂತೆ ಬೇಡ, ಅಗೆದ ಇಡೀ ಜಾಗಕ್ಕೆ ದೊಡ್ಡ ಮಾಡು ಇದೆ. ಹಿಂದಿನ ಮಾಡಿನ ಒಂದು ಭಾಗ 2005ರಲ್ಲಿ ಕುಸಿದು ಒಬ್ಬ ಪ್ರವಾಸಿ ತೀರಿಕೊಂಡರು. ವರ್ಷಗಟ್ಟಲೆ ಮುಚ್ಚಿದ್ದನ್ನು 2012ರಲ್ಲಿ ತೆರೆದರು. ಇಲ್ಲಿ 1967ರಲ್ಲಿ ಅಗೆಯಲು ಶುರುಮಾಡಿದವರು ಸ್ಪಿರಿಡಾನ್ ಮರಿನಾಟೋಸ್. ಕ್ರೀಟ್ ದ್ವೀಪದ ಮಿನೋವನ್ ನಾಗರಿಕತೆ ಬಿದ್ದದ್ದಕ್ಕೆ ಥೀರಾದ ಜ್ವಾಲಾಮುಖಿ ಕಾರಣವೆಂದು 1939ರಲ್ಲೇ ಬರೆದಿದ್ದವರು. ಆ ವಾದವನ್ನು ಈಗ ಹಾಗೆಹಾಗೇ ಒಪ್ಪುವವರು ಕಡಿಮೆ, ಆದರೆ ಅದರ ಬೆನ್ನು ಹತ್ತಿ ಬಂದೇ ಅವರಿಗೆ ಈ ಊರು ಸಿಕ್ಕಿತು. 1974ರಲ್ಲಿ ಇದೇ ಅಗೆತದ ಜಾಗದಲ್ಲೇ ಅವರು ಸತ್ತದ್ದು.

ಒಳಗೆ ಹೋದರೆ ನಿಜವಾಗಿ ಬೀದಿ. ಎರಡಂತಸ್ತು, ಕೆಲವೆಡೆ ಮೂರಂತಸ್ತಿನ ಮನೆಗಳು, ಕಿಟಕಿ, ಮೆಟ್ಟಿಲು. ಪಶ್ಚಿಮದ ಮನೆ ಎಂದು ಕರೆಯುವಲ್ಲಿ ಮಾಳಿಗೆಯ ಮೇಲೆ ಶೌಚದ ಕೋಣೆ, ಅಲ್ಲಿಂದ ಗೋಡೆಯೊಳಗೆ ಇಳಿಯುವ ಮಣ್ಣಿನ ಕೊಳವೆ, ಬೀದಿಯ ಕಲ್ಲಿನಡಿಯ ಚರಂಡಿಗೆ ಸೇರುತ್ತದೆ. ದೊಡ್ಡ ದೊಡ್ಡ ಗುಡಾಣಗಳು ಇದ್ದಲ್ಲೇ ನಿಂತಿವೆ.

ನೀನು ಹುಡುಕಿ ನೋಡಬೇಕಾದ್ದು ಮಂಚ. ಮರ ಎಂದೋ ಕೊಳೆತುಹೋಗಿದೆ. ಗಟ್ಟಿಯಾದ ಬೂದಿಯಲ್ಲಿ ಅದರ ಆಕಾರದ ಪೊಳ್ಳು ಮಾತ್ರ ಉಳಿದಿತ್ತು. ಅಗೆಯುವವರು ಅದರೊಳಗೆ ಪ್ಲಾಸ್ಟರ್ ಸುರಿದು, ಒಣಗಿದ ಮೇಲೆ ಸುತ್ತಲಿನ ಬೂದಿ ತೆಗೆದರು. ಹೀಗೆ ಬಂದದ್ದು ಆ ಮಂಚಗಳು. ದೊಡ್ಡ ಸ್ಫೋಟಕ್ಕೆ ಮೊದಲು ಭೂಕಂಪ ಆಗಿತ್ತು. ಜನ ಹೊರಗೆ ಓಡಿದ್ದರು, ಆಮೇಲೆ ಮರಳಿ ಬಂದು ಬಿದ್ದ ಕಲ್ಲುಗಳನ್ನು ಒಂದು ಕಡೆ ರಾಶಿ ಹಾಕಿ, ಮಂಚಗಳನ್ನು ಹೊರಗೆ ತಂದು ಇಟ್ಟು, ಮನೆ ಸರಿಮಾಡಲು ತೊಡಗಿದ್ದರು. ಕೆಲಸ ಮುಗಿಯಲಿಲ್ಲ. ಜ್ವಾಲಾಮುಖಿ ಎದ್ದಿತು, ಎಲ್ಲವನ್ನೂ ಬಿಟ್ಟು ಹೊರಟರು. ಜ್ವಾಲಾಮುಖಿಯೇ ಮುಚ್ಚಿದ ಇಟಲಿಯ ಪೊಂಪೇಯಿಯಲ್ಲಿ ಕಂಡ ಹಾಗೆ ಇಲ್ಲಿ ಸತ್ತವರ ಮೈಗಳು ಸಿಕ್ಕಿಲ್ಲ, ಒಡವೆಯೂ ಹೆಚ್ಚು ಸಿಕ್ಕಿಲ್ಲ. ಸಮಯಕ್ಕೆ ಸರಿಯಾಗಿ ಹಡಗು ಹತ್ತಿರಬೇಕು. ಎಲ್ಲಿಗೆ ಮುಟ್ಟಿದರು, ಮುಟ್ಟಿದರೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ನನಗೆ ಅಲ್ಲಿ ಅಳು ಬಂತು. ಅಪ್ಪ ಸುಮ್ಮನೆ ಪಕ್ಕದಲ್ಲಿ ನಿಂತರು.

ಇದು ಹಳೇ ಕಥೆ ಮಾತ್ರ ಅಲ್ಲ. 1956ರ ಜುಲೈಯ ಭೂಕಂಪದಲ್ಲಿ ದ್ವೀಪದ ಎಷ್ಟೋ ಮನೆಗಳು ನೆಲಕ್ಕೆ ಬಿದ್ದು ಐವತ್ತಕ್ಕೂ ಹೆಚ್ಚು ಜನ ಸತ್ತರು. 2025ರ ಆರಂಭದಲ್ಲಿ ವಾರಗಟ್ಟಲೆ ಸಾವಿರಾರು ಕಂಪನಗಳಾದಾಗ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಹಡಗು, ವಿಮಾನ ಹತ್ತಿ ಹೊರಟರು. ಸದ್ಯ, ಅವರು ಮರಳಿ ಬಂದರು. ನಮ್ಮ ಹೋಟೆಲಿನ ಅಜ್ಜಿ ಮಗನ ಮನೆಗೆಂದು ಆಥೆನ್ಸಿಗೆ ಹೋಗಿದ್ದಳಂತೆ. ಹೋಗುವ ಮುಂಚೆ ಹಾಸಿಗೆ ಮಡಚಿಟ್ಟು, ಗಿಡಕ್ಕೆ ನೀರು ಹಾಕಿಯೇ ಹೋದೆ ಎಂದಳು.

ಇನ್ನು ಬೀಚು. ಅಕ್ರೋತಿರಿಯ ಪಕ್ಕದಲ್ಲೇ ಕೆಂಪು ಬೀಚು. ಚಿತ್ರದಲ್ಲಿ ಕಂಡಷ್ಟೇ ಚೆಂದ, ಆದರೆ ಹಿಂದಿನ ಕೆಂಪು ಗುಡ್ಡ ಸಡಿಲ, ಕಲ್ಲು ಕುಸಿಯುತ್ತದೆ, ಎಚ್ಚರಿಕೆಯ ಫಲಕವೂ ಇದೆ. ಅದನ್ನು ದಾಟಿ ಇಳಿಯುವವರು ಬೇಕಾದಷ್ಟು. ನೀನು ಇಳಿಯಬಾರದು. ಈ ಕಡೆ ದಿಬ್ಬದಿಂದ ನೋಡು, ಸಾಕು. ಇದರಲ್ಲಿ ನನ್ನ ಮಾತು ಮೀರಬೇಡ.

ಈಜಲು ಪೆರಿಸ್ಸಾ, ಪೆರಿವೊಲೊಸ್. ಕಪ್ಪು ಮರಳಿನ ಉದ್ದನೆಯ ದಂಡೆ. ಮಾಜಾಳಿಯ ತಿಳ್ಮಾತಿಯಲ್ಲಿ ಆಡಿದವಳು ನೀನು, ನಿನಗೆ ಕಪ್ಪು ಮರಳು ಹೊಸದೇನಲ್ಲ. ಆದರೆ ಇಲ್ಲಿಯದು ಲಾವಾ ಸವೆದು ಆದದ್ದು, ಮಧ್ಯಾಹ್ನ ಬರಿಗಾಲು ಇಡಲಾಗುವುದಿಲ್ಲ. ನೀರಿನಂಚಿನಲ್ಲಿ ಅಲ್ಲಲ್ಲಿ ಪಾಚಿಗಟ್ಟಿದ ಹಾಸುಗಲ್ಲು ಇದೆ, ಜಾರುತ್ತದೆ, ನೀರಿಗೆ ಹಾಕುವ ಚಪ್ಪಲಿ ತಗೊ. ಬೆಳಗ್ಗೆಯೇ ಈಜಿ ಮುಗಿಸು. ದಂಡೆಯ ತುದಿಗೆ ಎದ್ದುನಿಂತ ಬೆಟ್ಟ ಮೆಸಾ ವೂನೊ. ಅದರ ನೆತ್ತಿಯ ಮೇಲೆ ಸ್ಪಾರ್ಟಾದಿಂದ ಬಂದವರು ಕಟ್ಟಿದ ಪ್ರಾಚೀನ ಥೀರಾ ನಗರದ ಅವಶೇಷ, ಬೆಟ್ಟದ ಆಚೆ ಮಗ್ಗುಲಲ್ಲಿ ಕಮಾರಿ ಬೀಚು. ಮೊಣಕಾಲು ನೋವಿನಿಂದ ನಾವು ಹತ್ತಲಿಲ್ಲ. ನೀನು ಹತ್ತು.

ನನಗೆ ಹೆಚ್ಚು ಇಷ್ಟವಾದದ್ದು ವ್ಲಿಹಾಡಾ. ಜನ ಕಡಿಮೆ. ಹಿಂದೆ ಬಿಳಿಯ ಬೂದಿ ಗೋಡೆ, ಗಾಳಿ ಕೊರೆದು ಕೊರೆದು ಗೂಡು, ಕಂಬ, ಮಡಿಕೆ ಮಾಡಿಟ್ಟಿದೆ. ಹಡಗಿನಿಂದ ಗುರುತಿಟ್ಟುಕೊ ಅಂದ ಬಿಳಿ ಪದರ ಇಲ್ಲಿ ಕೈಗೆ ಸಿಗುತ್ತದೆ. ಒಂದು ಪ್ಯೂಮಿಸ್ ಕಲ್ಲು ನೀರಿಗೆ ಬಿಟ್ಟು ನೋಡು, ತೇಲುತ್ತದೆ. ಮೇಲೆ ಹಳೇ ಟೊಮೆಟೊ ಕಾರ್ಖಾನೆ ಈಗ ಟೊಮೆಟೊ ಮ್ಯೂಸಿಯಂ. ಈಜುಬಟ್ಟೆ ಒಣಗುವಷ್ಟರಲ್ಲಿ ನೋಡಿ ಬರಬಹುದು.

ಊಟಕ್ಕೆ ಫಾವಾ ಕೇಳು. ದ್ವೀಪದಲ್ಲೇ ಬೆಳೆಯುವ ಹಳದಿ ಬೇಳೆ, ನುಣ್ಣಗೆ ಬೇಯಿಸಿ ಮೇಲೆ ಆಲಿವ್ ಎಣ್ಣೆ, ಹೆಚ್ಚಿದ ಹಸಿ ಈರುಳ್ಳಿ. ಒಗ್ಗರಣೆಯೊಂದು ಇದ್ದರೆ ನಮ್ಮ ತೊವ್ವೆಯೇ. ಅಕ್ರೋತಿರಿಯ ಗುಡಾಣಗಳಲ್ಲಿ ಇದೇ ಬೇಳೆ ಸಿಕ್ಕಿದೆ. ಹೊರಟುಹೋದವರ ಮನೆಯಲ್ಲಿ ಬೇಯುತ್ತಿದ್ದದ್ದನ್ನೇ ಉಣ್ಣುತ್ತಿದ್ದೇನೆ ಎನ್ನಿಸಿ ನಾನು ಎರಡು ಸಲ ಹಾಕಿಸಿಕೊಂಡೆ.

ಇಯಾ ಊರಿನ ಸೂರ್ಯಾಸ್ತದ ನೂಕುನುಗ್ಗಲಿಗೆ ಹೋಗಬೇಡ. ಅಕ್ರೋತಿರಿಯ ತುದಿಯಲ್ಲಿ 1892ರ ದೀಪಸ್ತಂಭವಿದೆ, ಅಲ್ಲಿ ಬಂಡೆಯ ಮೇಲೆ ಕೂರು. ಫಿರಾದ ಮೆಟ್ಟಿಲುಗಳಲ್ಲಿ ಕತ್ತೆಯ ಮೇಲೆ ಹತ್ತಲೇಬೇಡ. ನೂರು ಕಿಲೋ ಮೀರಿ ಹೇರಬಾರದೆಂದು 2018ರಲ್ಲಿ ನಿಯಮ ಬಂದಿದೆ, ಆದರೂ ಆ ಬಿಸಿಲಲ್ಲಿ ಅವುಗಳ ಮುಖ ನೋಡಲಾಗಲಿಲ್ಲ ನನಗೆ. ಕೇಬಲ್ ಕಾರ್ ಇದೆ.

ಜುಲೈ, ಆಗಸ್ಟ್ ಬಿಟ್ಟು ರಜೆ ಕೇಳು. ಆಗ ಮೆಲ್ಟೆಮಿ ಗಾಳಿ ಜೋರು, ಕ್ರೂಸ್ ಹಡಗುಗಳ ಜನ ಬೇರೆ. ಮೇ ಕೊನೆಗೋ ಸೆಪ್ಟೆಂಬರ್‌ಗೋ ಸಿಕ್ಕಿದರೆ ತಿಳಿಸು, ನಾನೂ ಬರುತ್ತೇನೆ. ಅಪ್ಪನಿಗೆ ಹೇಳಬೇಕಾದ್ದಿಲ್ಲ, ಅವರು ಆಗಲೇ ಮುಸುವದ ಬಗ್ಗೆ ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ, ಚೀಲ ಹಿಡಿದು ಮೊದಲು ನಿಲ್ಲುವವರು ಅವರೇ.

ನಿನ್ನ,
ಅಮ್ಮ