ಇಂಡೆಂಟಿಗೆ ತಂದ ದುಡ್ಡು

ಚಿರಂಜೀವಿ ತಮ್ಮನಿಗೆ,

ಗಂಗಾವತಿಯಿಂದ ನಿನ್ನ ದೊಡ್ಡಪ್ಪನ ಆಶೀರ್ವಾದ. ಮನೆ ಸುದ್ದಿಯೆಲ್ಲ ನಿಮ್ಮವ್ವ ಫೋನಿನಲ್ಲಿ ಹೇಳಿರುತ್ತಾಳೆ, ಅದು ಬಿಡು. ನಿನ್ನ ಪತ್ರದ ಕೊನೆಯಲ್ಲಿ ಒಂದು ಸಾಲಿತ್ತು. ಬ್ರಾಂದಿ ಅಂಗಡಿಗೆ ಸರ್ಕಾರಿ ಡಿಪೋದಿಂದ ಬೇಸಿಗೆ ಮಾಲು ತರಿಸುವ ಇಂಡೆಂಟಿಗೆ ದುಡ್ಡು ಸಾಲಲಿಲ್ಲ, ಐದು ರೂಪಾಯಿ ಬಡ್ಡಿಗೆ ತಂದೆ, ಬಿಯರ್ ಹೋದ ಹಾಗೆ ತೀರಿಸುತ್ತೇನೆ ಅಂತ. ಎರಡು ದಿನದಿಂದ ಅದೇ ತಲೆಯಲ್ಲಿ ಕೂತಿದೆ.

ನೂರಕ್ಕೆ ಹತ್ತು ಲಾಭ ಸಿಗುತ್ತದೆ ಅಂತ ನೀನೇ ಬರೆದಿದ್ದೀಯ. ಸುಮ್ನೆ ಲೆಕ್ಕಕ್ಕೆ, ಬಾಕ್ಸಿಗೆ 1,800 ಕಟ್ಟಿದೆ ಅಂದುಕೋ. ಹನ್ನೆರಡೂ ಬಾಟಲಿ ಹೋದರೆ 180 ಉಳಿಯಿತು. ಐದರ ಬಡ್ಡಿ ತಿಂಗಳಿಗೆ 90. ಮಾಲು ಎರಡು ತಿಂಗಳು ಕೂತರೆ ಆ 180 ಪೂರಾ ಸಾಲ ಕೊಟ್ಟವನದು. ಫ್ರಿಜ್ಜಿನ ಕರೆಂಟು, ಹುಡುಗನ ಸಂಬಳ ಯಾರ ಜೇಬಿಂದ? ನನ್ನ ಅಂಗಡಿಯಲ್ಲಿ ಒಮ್ಮೆ ಫ್ರಿಜ್ಜಿನ ನೀರಿಗೆ ತಳ ನೆನೆದ ಬಾಕ್ಸನ್ನು ಹುಡುಗ ಎತ್ತಿದ. ತಳ ಕಿತ್ತು ಒಂದೇ ಒಂದು ಬಾಟಲಿ ಬಿತ್ತು. ಹತ್ತು ಬಾಟಲಿಯ ಲಾಭ ನೆಲದ ಮೇಲೆ ನೊರೆ ಕಟ್ಟಿತು. ಅವನಿಗೆ ಬೈದೆ, ಪಾಪ.

ಅಂಗಡಿಯವನೇ ತಿಂದು ದಪ್ಪಗಾದ ಅಂತ ಊರು ಮಾತಾಡುತ್ತದೆ. ಸರ್ಕಾರದ ಪಾಲು ಬಾಟಲಿ ಡಿಪೋ ದಾಟುವ ಮೊದಲೇ ಹೋಗಿರುತ್ತದೆ, ಅದು ಯಾರಿಗೂ ಕಾಣಲ್ಲ. 2023ರಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇಕಡಾ 175ರಿಂದ 185 ಆಯಿತಲ್ಲ, ಆಗ ಕುಡಿಯುವವರು ಗೊಣಗಿದರು. ನಮ್ಮಂಥವರ ಸಂಕಟ ಬೇರೆ. ರೇಟು ಏರಿದರೆ ಅಷ್ಟೇ ಬಾಕ್ಸಿಗೆ ಮೊದಲೇ ಕಟ್ಟುವ ದುಡ್ಡು ಜಾಸ್ತಿ. ಎಂಆರ್‌ಪಿ ಮೇಲೆ ಒಂದು ರೂಪಾಯಿ ಕೇಳುವ ಹಾಗಿಲ್ಲ. ಆ ಜಾಸ್ತಿ ದುಡ್ಡಿಗೇ ಅಲ್ವಾ ನೀನು ಬಡ್ಡಿಯವನ ಹತ್ತಿರ ಹೋಗಿದ್ದು?

ನಾನೂ ಹೋಗಿದ್ದೆ. ಮೊದಲು ಸಗಟು ವ್ಯಾಪಾರಿಗಳು ನನಗೆ ಉದ್ದರಿ ಕೊಡುತ್ತಿದ್ದರು. 2003ರಲ್ಲಿ ಸರ್ಕಾರದ್ದೇ ಬೆವರೇಜಸ್ ನಿಗಮ ಬಂತು, ಸಗಟು ಅದರ ಕೈಗೆ ಹೋಯಿತು. ಮೊದಲು ದುಡ್ಡು, ಆಮೇಲೆ ಮಾಲು. ನಾನು ಮಾತ್ರ ಗಿರಾಕಿಗಳಿಗೆ ಉದ್ದರಿ ನಿಲ್ಲಿಸಲಿಲ್ಲ. ಭತ್ತ ಮಾರಿ ಕೊಡುತ್ತೇನೆ ಅನ್ನುವವರಿಗೆ ಹೇಗೆ ಇಲ್ಲ ಅನ್ನುವುದು? ಒಂದು ವರ್ಷ ಎರಡನೇ ಬೆಳೆಗೆ ನಾಲೆಗೆ ನೀರು ಬರಲಿಲ್ಲ. ಭತ್ತವೂ ಇಲ್ಲ, ಬಾಕಿಯೂ ಇಲ್ಲ. ನಿಮ್ಮ ದೊಡ್ಡವ್ವನ ಬೋರಮಳ ಸರ ಅಡವಿಟ್ಟೆ. ಸುಗ್ಗಿಗೆ ಬಿಡಿಸುತ್ತೇನೆ ಅಂದಿದ್ದೆ. ನಿಮ್ಮಪ್ಪ ಕೇಳಿದಾಗ ವ್ಯಾಪಾರ ಜೋರಿದೆ ಅಂತ ಸುಳ್ಳು ಹೇಳಿದೆ. ಕೇಳಿದ್ದರೆ ಅವನು ಕೊಡುತ್ತಿದ್ದ. ಇವತ್ತಿಗೂ ಮದುವೆಗೆ ಹೋಗುವಾಗ ಅವಳು ಬರೀ ತಾಳಿ ಹಾಕಿಕೊಂಡು ಹೊರಡುತ್ತಾಳೆ. ಒಂದು ದಿನವೂ ಕೇಳಿಲ್ಲ.

ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗೆಲ್ಲಿ? ಆದರೂ, ಇಂಡೆಂಟ್ ಚಿಕ್ಕದು ಹಾಕು. ಬೇಸಿಗೆಯಲ್ಲಿ ಎರಡು ದಿನಕ್ಕೆ ಖಾಲಿಯಾಗುವ ಬಾಕ್ಸು ಮಳೆ ಬಿದ್ದರೆ ಅಲ್ಲೇ ಕೂರುತ್ತದೆ, ಬಿಯರ್ ವಿಸ್ಕಿಯ ಹಾಗೆ ವರ್ಷಗಟ್ಟಲೆ ಇಡುವ ಮಾಲಲ್ಲ. ಹಳೇ ತಾರೀಕಿನದು ಮುಂದಿಡು. ಇದೆಲ್ಲ ನಿನಗೆ ಗೊತ್ತಿರುವುದೇ. ಜೂನ್ ಮುಗಿಯುವುದರೊಳಗೆ ಲೈಸೆನ್ಸ್ ಫೀ ಕಟ್ಟಬೇಕು, ಜುಲೈ ಒಂದಕ್ಕೆ ಲೈಸೆನ್ಸಿನ ಹೊಸ ವರ್ಷ. ಅದಕ್ಕೂ ಅದೇ ಬಡ್ಡಿಯವನ ಮನೆಗೆ ಹೋಗುತ್ತೀಯೇನೋ ಅಂತ ನನಗೆ ದಿಗಿಲು.

ಎಷ್ಟು ತಂದೆ ಅಂತ ನೀನು ಬರೆದೇ ಇಲ್ಲ. ನಾನೂ ಹಾಗೇ ಮಾಡುತ್ತಿದ್ದೆ, ಅಂಕಿ ಮಾತ್ರ ಬರೆಯುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಬಸ್ಸಿಗೆ ಸಿಂಧನೂರಿಗೆ ಬರುತ್ತೇನೆ. ಲೆಕ್ಕದ ಪುಸ್ತಕ ತೆಗೆದಿಟ್ಟಿರು. ದೊಡ್ಡವ್ವನೂ ಬರುತ್ತೇನೆ ಅನ್ನುತ್ತಿದ್ದಾಳೆ, ಅವಳ ಮುಂದೆ ಈ ಮಾತು ಬೇಡ.

ನಿನ್ನ ದೊಡ್ಡಪ್ಪ